ಸಣ್ಣ ಸದ್ದಿನ ಮಗು

ಕಡುಬಿನ ಹಿಟ್ಟನ್ನು ಬಿಸಿಯಿರುವಾಗಲೇ ನಾದಬೇಕು. ಆರಲು ಬಿಟ್ಟರೆ ಆವಿಯಲ್ಲಿ ಬೇಯುವಾಗ ಉಂಡೆ ಬಿರಿಯುತ್ತದೆ. ಬುಧವಾರ ಬೆಳಿಗ್ಗೆ ಹೇಮಶ್ರೀ ಅಂಗೈಗೆ ತಣ್ಣೀರು ಸವರಿಕೊಂಡು, ಸುಡುವ ಹಿಟ್ಟಿಗೆ ಎರಡೂ ಕೈ ಹಾಕಿದ್ದಳಷ್ಟೆ, ಹಿತ್ತಿಲ ಬಾಗಿಲಲ್ಲಿ ವಾರಗಿತ್ತಿ ಆಶಾ ಬಂದು ನಿಂತಳು. ಒಂದೇ ಅಂಗಳಕ್ಕೆ ಮುಖ ಮಾಡಿದ ಎರಡು ಮನೆ. ಅಣ್ಣನದು ಇದು, ತಮ್ಮನದು ಅದು. ಆಶಾ ತಲೆಯನ್ನೂ ಬಾಚಿರಲಿಲ್ಲ.

“ಅಕ್ಕಾ, ಮುಚ್ಕೊಂಡೈತೆ!”

“ಏನು ಮುಚ್ಕೊಂಡೈತೆ?”

“ಸ್ನೇಹಂದು ಕಣಕ್ಕ, ಹಾರ್ಟಿನ ತೂತು! ನಿನ್ನೆ ಎಕೋ ಮಾಡಿದ್ರಲ್ಲ, ಡಾಕ್ಟ್ರು ಹುಡುಕಿ ಹುಡುಕಿ ಸಾಕಾಗಿ, ಇಲ್ಲಿ ಏನೂ ಇಲ್ಲ, ತಾನೇ ಮುಚ್ಕೊಂಡೈತೆ ಅಂದ್ಬುಟ್ರು. ರಾತ್ರಿ ಬರೋ ಹೊತ್ಗೆ ನಿಮ್ಮನೆ ದೀಪ ಆರಿತ್ತು. ನಂಗೆ ನಿದ್ದೇನೇ ಬರ್ಲಿಲ್ಲ.”

ಹೇಮಶ್ರೀಯ ಬೆರಳುಗಳು ಹಿಟ್ಟಿನೊಳಗೇ ನಿಂತವು. ಸುಡುತ್ತಿದೆ ಎಂಬುದು ಅವಳಿಗೆ ಗೊತ್ತಾದದ್ದು ಆಮೇಲೆ. “ಒಳ್ಳೇದಾಯ್ತಲ್ಲ,” ಎಂದಳು. ನಗು ಬಾಯಿಗೆ ಬಂತು, ಅಲ್ಲಿಂದ ಮೇಲೆ ಹತ್ತಲಿಲ್ಲ. ಆ ದಿನ ಕಡುಬೆಲ್ಲ ಬಿರಿದವು.

ಎರಡು ವರ್ಷದ ಹಿಂದೆ ಊರಿನ ಶಾಲೆಗೆ ಮಕ್ಕಳ ಆರೋಗ್ಯ ನೋಡುವ ತಂಡ ಬಂದಿತ್ತು. ಸಾಲಾಗಿ ನಿಲ್ಲಿಸಿದ ಮಕ್ಕಳ ಎದೆಗೆ ಕೊಳವೆ ಇಟ್ಟು ಕೇಳುತ್ತಾ ಬಂದ ಡಾಕ್ಟರು ಸ್ನೇಹಾಳ ಬಳಿ ತಡೆದು ನಿಂತರು. ಎದೆಬಡಿತದ ಜೊತೆ ಬೇರೊಂದು ಸದ್ದು. ಎಷ್ಟು ಜೋರೆಂದರೆ, ಅಂಗೈ ಇಟ್ಟರೂ ಗುರುಗುಟ್ಟುವುದು ತಾಕುತ್ತಿತ್ತು. ಹೇಮಶ್ರೀಯ ಮಗಳು ಇಂಚರಾಳ ಎದೆಯಲ್ಲೂ ಸದ್ದಿತ್ತು, ಆದರೆ ಸಣ್ಣದು. ಡಾಕ್ಟರು ಕಣ್ಣು ಮುಚ್ಚಿಕೊಂಡು ಮೂರು ಸಲ ಕೇಳಿ ಹಿಡಿದರು. ಇಬ್ಬರನ್ನೂ ಹಾಸನಕ್ಕೆ ಕಳಿಸಿದರು. ಅಲ್ಲಿ ಎಕೋ ಮಾಡಿ, ಇಬ್ಬರ ಹೃದಯದಲ್ಲೂ ತೂತಿದೆ, ವರ್ಷ ಬಿಟ್ಟು ಮತ್ತೆ ತೋರಿಸಿ ಎಂದು ಇಂಗ್ಲಿಷಿನಲ್ಲಿ ಬರೆದ ಹಾಳೆ ಕೊಟ್ಟರು. ಹಾಳೆಯನ್ನು ಓದಿಸಿದವರಿಲ್ಲ. ಜೋರು ಸದ್ದಿದ್ದವಳಿಗೆ ದೊಡ್ಡ ಕಾಯಿಲೆ, ಸಣ್ಣ ಸದ್ದಿದ್ದವಳಿಗೆ ಸಣ್ಣದು ಎಂದು ಮನೆಯವರೆಲ್ಲ ತಾವೇ ತೀರ್ಮಾನ ಮಾಡಿದರು. ಅತ್ತೆ ಪಾರ್ವತಮ್ಮನಂತೂ ನೆಂಟರಿಷ್ಟರಿಗೆಲ್ಲ ಅದನ್ನೇ ಹೇಳಿಕೊಂಡು ಬಂದರು.

ಅಲ್ಲಿಂದ ಸ್ನೇಹಾ ಗಾಜಿನ ಬಟ್ಟಲಾದಳು. ಹಸು ಕರೆದ ಮೊದಲ ಲೋಟ ಅವಳಿಗೆ. ಅವಳು ಓಡಬಾರದು, ಬಗ್ಗಬಾರದು, ಅಳಬಾರದು. ಶಾಲೆಯ ಚೀಲವನ್ನೂ ಹೊರಬಾರದು. “ನಿಂದು ಸಣ್ಣ ಸದ್ದು ಕಣೇ, ನೀನೇ ಎತ್ಕೊಂಡ್ಹೋಗು,” ಎಂದು ಪಾರ್ವತಮ್ಮ ಎರಡು ಚೀಲವನ್ನೂ ಇಂಚರಾಳ ಹೆಗಲಿಗೇರಿಸುತ್ತಿದ್ದರು. ಹೇಮಶ್ರೀ ಅದನ್ನು ನೋಡಿ ಸುಮ್ಮನಿರುತ್ತಿದ್ದಳು. ಸುಮ್ಮನಿರುವುದಕ್ಕೆ ಅವಳಿಗೆ ಒಂದು ಗುಟ್ಟಾದ ಬಲವಿತ್ತು. ಎಷ್ಟಾದರೂ ನನ್ನ ಮಗಳದು ಸಣ್ಣದು. ಆಶಾಳನ್ನು ಕಂಡಾಗಲೆಲ್ಲ “ಪಾಪ” ಅನ್ನುವುದು, ಅವಳ ಕೈಯ ಕೆಲಸ ತಾನು ತೆಗೆದುಕೊಳ್ಳುವುದು, ಹಾಗೆ ಅನ್ನುವಾಗ ಮಾಡುವಾಗ ಎದೆಯ ಮೂಲೆಯಲ್ಲಿ ಏನೋ ಒಂದು ಬೆಚ್ಚಗಾಗುವುದು. ಹೋದ ವರ್ಷ ಆಶಾ ಮಗಳನ್ನು ಮತ್ತೆ ಎಕೋಗೆ ಕರೆದುಕೊಂಡು ಹೋದಾಗ, ಇವಳು ಕಾಫಿ ಹಣ್ಣು ಕೀಳುವ ಕಾಲವೆಂದು ಹೋಗಲಿಲ್ಲ. ಸಣ್ಣದಕ್ಕೇನು ಅವಸರ?

ಈಗ ದೊಡ್ಡದೇ ಮುಚ್ಚಿಕೊಂಡಿತ್ತು.

ಅಂಗಳದಾಚೆ ಪಾರ್ವತಮ್ಮ ಚಿಕ್ಕ ಸೊಸೆಯ ತಲೆ ಸವರುತ್ತಿದ್ದರು. “ವೀರಭದ್ರಸ್ವಾಮಿ ಕಣ್ಬುಟ್ಟ ಕಣವ್ವ. ನಾನು ಹರಕೆ ಹೊತ್ತಿದ್ದೆ, ಮಗ ಹುಷಾರಾದ್ರೆ ಬೆಲ್ಲದಲ್ಲಿ ತುಲಾಭಾರ ಮಾಡಿಸ್ತೀನಿ ಅಂತ. ಬರೋ ಸ್ವಾಮಾರವೇ ಮಾಡ್ಬುಡಾನ.”

ಹರಕೆ ಯಾವ ಮಗುವಿನ ಹೆಸರಲ್ಲಿ ಹೊತ್ತಿದ್ದರೆಂದು ಹೇಮಶ್ರೀ ಕೇಳಲಿಲ್ಲ. ಕೇಳದೆಯೇ ಗೊತ್ತಿತ್ತು. ಮಧ್ಯಾಹ್ನದ ಪಾತ್ರೆ ತೊಳೆಯುವಾಗ ಅವಳ ಕೈ ಹೇಗೆ ಓಡಿತೆಂದರೆ, ಹಿತ್ತಾಳೆ ಲೋಟವೊಂದು ಕಲ್ಲಿಗೆ ಬಡಿದು ನೆಗ್ಗಿತು. ದೊಡ್ಡದೇ ಮುಚ್ಚಿಕೊಂಡ ಮೇಲೆ ಸಣ್ಣದು ಮುಚ್ಚದೆ ಇರುತ್ತದೆಯೇ? ಮುಚ್ಚಿ ವರ್ಷವೇ ಆಗಿರಬೇಕು, ನೋಡಿದವರಿಲ್ಲ ಅಷ್ಟೆ. ಮಕ್ಕಳ ಹೃದಯದ ಡಾಕ್ಟರು ಹಾಸನಕ್ಕೆ ಬರುವುದು ಮಂಗಳವಾರ, ಗುರುವಾರ. ನಾಳೆಯೇ ಗುರುವಾರ.

ಸಂಜೆ ಗಂಡ ಮೃತ್ಯುಂಜಯ ಬಂದಾಗ ವಿಷಯ ಹೇಳಿದಳು. ಅವನು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಕಾಫಿ ಹೂವಿಗೆ ನೀರು ಹಾರಿಸುವ ದಿನಗಳು; ಸ್ಪ್ರಿಂಕ್ಲರ್ ಹಗಲೂ ರಾತ್ರಿ ಸುತ್ತುತ್ತಿದ್ದವು. “ನಂಗೆ ಬರಕಾಗಲ್ಲ ಹೇಮಾ. ಇಷ್ಟು ದಿವ್ಸ ಇಲ್ದಿದ್ದು ನಾಳೇನೇ ಯಾಕೆ?” ಎಂದ.

“ನಾನೇ ಹೋಗ್ಬರ್ತೀನಿ ಬಿಡ್ರಿ,” ಎಂದಳು.

ಪಕ್ಕದ ಹೊಸಕೋಟೆಯಿಂದ ಮೊದಲ ಬಸ್ಸಿಗೆ ಆಲೂರು, ಅಲ್ಲಿಂದ ಹಾಸನ. ಇಂಚರಾ ಕಿಟಕಿ ಪಕ್ಕ ಕೂತು, ಬಂದ ಎಸ್ಟೇಟುಗಳ ಗೇಟೆಲ್ಲ ಎಣಿಸಿದಳು. ಎಂಟು ವರ್ಷ ತುಂಬಿದ್ದರೂ ಟಿಕೆಟ್ ಕೊಡುವವನು ಆರು ಎಂದುಕೊಂಡ.

ಎಕೋ ಕೋಣೆ ಕತ್ತಲೆ, ತಣ್ಣಗೆ. ಅಂಗಿ ಬಿಚ್ಚಿಸಿದಾಗ ಸಹಾಯಕಿ ಮಗುವಿನ ಎದೆಯ ಮೇಲಿದ್ದ ಲಿಂಗದ ವಸ್ತ್ರವನ್ನು ತೆಗೆಯಿರಿ ಎಂದಳು. ಹುಟ್ಟಿದಾಗ ಕಟ್ಟಿದ್ದು, ಮೈಯಿಂದ ಬಿಡಿಸುವ ಹಾಗಿಲ್ಲ. “ತೆಗೆಯೋದಿಲ್ಲಮ್ಮ, ಹಿಂದಕ್ಕೆ ಸರಿಸ್ತೀನಿ,” ಎಂದು ಹೇಮಶ್ರೀ ಅದನ್ನು ಬೆನ್ನಿಗೆ ಹಾಕಿ, ಜಾರದಂತೆ ತನ್ನ ಅಂಗೈಯಿಂದ ಒತ್ತಿ ಹಿಡಿದಳು. ಅಂಗೈಗೆ ಮಗಳ ಬೆನ್ನಿನ ಎಲುಬುಗಳು ಒಂದೊಂದಾಗಿ ಸಿಕ್ಕವು.

ಡಾಕ್ಟರು ನಡುವಯಸ್ಸಿನ ಹೆಂಗಸು. ಮಗುವನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ಲೋಳೆಯಂಥದ್ದು ಹಚ್ಚಿದರು. “ಅಯ್ಯೋ, ತಣ್ಣಗೈತೆ!” ಎಂದು ಇಂಚರಾ ಕಿಸಕ್ಕನೆ ನಕ್ಕಳು. ಡಾಕ್ಟರು ಕೈಯಲ್ಲಿದ್ದುದನ್ನು ಪಕ್ಕೆಲುಬಿನ ಸಂದಿಗಿಟ್ಟು ಓರೆ ಮಾಡಿದರು, ಆಮೇಲೆ ಹೊಟ್ಟೆಯ ಮೇಲ್ಭಾಗಕ್ಕೆ ಇಟ್ಟು ಮೇಲ್ಮುಖವಾಗಿ ಒತ್ತಿದರು, ಆಮೇಲೆ ಕುತ್ತಿಗೆಯ ಗುಳಿಗೆ. ಪರದೆಯ ಮೇಲೆ ಬೂದುಬಣ್ಣದ ಏನೋ ಒಂದು ಬಾಯಿ ಬಿಟ್ಟು ಮುಚ್ಚುತ್ತಿತ್ತು. ಗುಂಡಿ ಒತ್ತಿದರೆ ಅದರೊಳಗೆ ಕೆಂಪು, ನೀಲಿ ಹರಿದಾಡಿದವು. ಹೇಮಶ್ರೀ ಬೆಂಕಿಯಂಥ ಆ ಕೆಂಪನ್ನು ಕಂಡು ರಕ್ತ ಸೋರುತ್ತಿದೆಯೇನೋ ಎಂದು ಹೆದರಿದಳು.

“ಅದು ರಕ್ತದ ಬಣ್ಣ ಅಲ್ಲಮ್ಮ,” ಡಾಕ್ಟರು ಕಣ್ಣು ಕೀಳದೆಯೇ ಹೇಳಿದರು. “ನಮ್ಮ ಕಡೆಗೆ ಬರೋದು ಕೆಂಪು, ದೂರ ಹೋಗೋದು ನೀಲಿ. ದಾರಿ ತಿಳಿಯೋಕೆ ಮಿಷನ್ ಹಾಕೋ ಬಣ್ಣ.”

“ಸದ್ದೂ ಬರುತ್ತಾ?” ಇಂಚರಾ ಕೇಳಿದಳು. ಡಾಕ್ಟರು ನಕ್ಕು ಇನ್ನೊಂದು ಗುಂಡಿ ಒತ್ತಿದರು. ಹುಶ್ಶ್, ಹುಶ್ಶ್, ಹುಶ್ಶ್.

“ಅಮ್ಮಾ, ನಮ್ಮ ತೋಟದ ಸ್ಪ್ರಿಂಕ್ಲರ್!”

ಆ ನಗು ಹೇಮಶ್ರೀಗೂ ಅಂಟಿತು. ಡಾಕ್ಟರು ಮಾತ್ರ ನಗು ನಿಲ್ಲಿಸಿ ಚಿತ್ರವನ್ನು ತಡೆದು, ಎರಡು ಚುಕ್ಕಿಗಳನ್ನಿಟ್ಟು ಅಳೆದರು. ಮತ್ತೊಮ್ಮೆ ಅಳೆದರು.

“ಹೋದ ವರ್ಷ ಯಾಕೆ ಬರಲಿಲ್ಲ?”

“ಇವಳದು ಸಣ್ಣದಲ್ವಾ ಡಾಕ್ಟ್ರೇ. ಸದ್ದೇ ಸಣ್ಣದು. ನಮ್ಮ ವಾರಗಿತ್ತಿ ಮಗಳದು ಭಾರೀ ಸದ್ದು, ಅದೇ ಮುಚ್ಕೊಂಡೈತೆ. ನೀವೇ ಮೊನ್ನೆ ನೋಡಿದ್ರಿ.”

ಡಾಕ್ಟರು ಅವಳನ್ನು ಒಂದು ಕ್ಷಣ ನೋಡಿದರು, ಬೈಯುವಂತಲ್ಲ. “ನಿಮ್ಮ ತೋಟದಲ್ಲಿ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ್ರೆ ನೀರು ಏನಾಗುತ್ತೆ?”

“ಚಿಮ್ಮುತ್ತೆ,” ಇಂಚರಾ ಹೇಳಿದಳು. “ಸುರ್ ಅಂತ ಸದ್ದು ಮಾಡುತ್ತೆ.”

“ಬೆರಳು ತೆಗೆದ್ರೆ?”

“ಸುಮ್ನೆ ಹರಿಯುತ್ತೆ.”

“ಹಾಗೇ. ಆ ಮಗುವಿಂದು ಕೆಳಗಿನ ಗೋಡೆಯಲ್ಲಿ ಸೂಜಿಮೊನೆಯಷ್ಟು ತೂತು. ಸಣ್ಣದು, ಅದಕ್ಕೇ ಜೋರು ಸದ್ದು. ಅಂಥವು ಎಷ್ಟೋ ತಾವೇ ಮುಚ್ಚಿಕೊಳ್ತವೆ. ಇವಳದು ಮೇಲಿನ ಗೋಡೆ. ನೋಡಿ, ಇಲ್ಲಿಂದ ಇಲ್ಲಿವರೆಗೂ ಗೋಡೆಯೇ ಇಲ್ಲ. ರಕ್ತ ಸದ್ದಿಲ್ಲದೆ ಆಚೆ ಹೋಗ್ತಾ ಬಲಗಡೆ ಕೋಣೆಯನ್ನ ಹಿಗ್ಗಿಸಿದೆ. ಇದು ತಾನಾಗಿ ಮುಚ್ಚೋದಿಲ್ಲಮ್ಮ. ಕೆಳಗಡೆ ಅಂಚಿಲ್ಲ, ಕಾಲಿನ ನರದಿಂದ ಮುಚ್ಚಳ ಕಳಿಸಿ ಕೂರಿಸೋಕೂ ಆಗಲ್ಲ. ಆಪರೇಷನ್ ಮಾಡಿ ಹೊಲಿಯಬೇಕು. ಹೆದರಬೇಡಿ, ಈ ವಯಸ್ಸಿನಲ್ಲಿ ಮಾಡಿದ್ರೆ ಮಕ್ಕಳು ಬೇಗ ಚೇತರಿಸಿಕೊಳ್ತಾರೆ. ಆದರೆ ಇನ್ನೂ ತಡ ಮಾಡಬೇಡಿ.”

ಬೆಂಗಳೂರಿನ ಆಸ್ಪತ್ರೆಯಲ್ಲಿ ಮುಂದಿನ ತಿಂಗಳ ಹದಿಮೂರಕ್ಕೆ ಒಂದು ಮಗುವಿನ ಜಾಗ ಖಾಲಿಯಿತ್ತು. ಸರ್ಕಾರದ ಯೋಜನೆಯಲ್ಲಿ ಖರ್ಚಿಲ್ಲದೆ ಆಗುತ್ತದೆ. ಸೋಮವಾರ ಸಂಜೆ ಐದರೊಳಗೆ ಮನೆಯವರು ಒಪ್ಪಿದ್ದೇವೆಂದು ಫೋನ್ ಮಾಡಬೇಕು. ಮಾಡದಿದ್ದರೆ ಆ ದಿನ ಬೇರೆ ಮಗುವಿಗೆ; ಇವರಿಗೆ ಮಳೆಗಾಲ ಕಳೆದ ಮೇಲೆ. ನಂಬರನ್ನು ಡಾಕ್ಟರು ಹಾಳೆಯ ಮೇಲೆ ಕನ್ನಡದಲ್ಲೇ ಬರೆದುಕೊಟ್ಟರು.

ಹಾಸನದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಹೇಮಶ್ರೀ ಮಗಳ ಎದೆಯನ್ನು ತನ್ನ ಸೆರಗಿನಿಂದ ಮತ್ತೆ ಮತ್ತೆ ಒರೆಸಿದಳು. ಲೋಳೆ ಎಂದೋ ಹೋಗಿತ್ತು. ಆಗ ಫೋನ್ ಬಂತು. ಆಶಾಳದು. ಹಿಂದೆ ಅತ್ತೆಯ ದನಿ, ಸ್ನೇಹಾಳ ದನಿ, ಇಡೀ ಮನೆಯೇ ಫೋನಿನ ಸುತ್ತ ಕೂತಿತ್ತು.

“ಅಕ್ಕಾ, ಆಯ್ತಾ? ಏನಂದ್ರು?”

ಹೇಮಶ್ರೀ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ಯಾಕಕ್ಕಾ ಮಾತಾಡ್ತಿಲ್ಲ? ಮುಚ್ಚಿಲ್ವಾ?” ಆಶಾಳ ದನಿ ಮೆತ್ತಗಾಯಿತು. “ಅಯ್ಯೋ ಪಾಪ...”

ಎರಡು ವರ್ಷ ತಾನು ಅಂಗಳದ ಈಚೆಯಿಂದ ಆಚೆಗೆ ಕಳಿಸಿದ್ದ ಮಾತು ಅದು. ಅದರೊಳಗೆ ಏನೇನಿರುತ್ತದೆ ಎಂದು ಹೇಮಶ್ರೀಗಿಂತ ಚೆನ್ನಾಗಿ ಬಲ್ಲವರಿಲ್ಲ.

“ಮುಚ್ಕೊಂಡೈತೆ,” ಎಂದಳು. “ನಮ್ದೂ ಮುಚ್ಕೊಂಡೈತಂತೆ.”

ಫೋನಿನಲ್ಲಿ ಕೇಕೆ. ಪಕ್ಕದಲ್ಲಿ ಇಂಚರಾ ತಲೆಯೆತ್ತಿ ನೋಡಿದಳು. ಬಸ್ಸು ಹತ್ತಿ ಕೂತ ಮೇಲೆ ಹೇಮಶ್ರೀ ಮಗಳ ಕೈ ಹಿಡಿದು, “ಡಾಕ್ಟ್ರು ಹೇಳಿದ್ದನ್ನ ನಾನೇ ಮನೇಲಿ ಹೇಳ್ತೀನಿ. ನೀನು ಯಾರ ಹತ್ರಾನೂ ಬಾಯಿ ಬಿಡಬೇಡ ಚಿನ್ನಾ,” ಎಂದಳು.

“ಅಮ್ಮ, ಒಂದು ಕೇಳ್ಲಾ?”

“ಆಮೇಲೆ.”

ಬಸ್ಸಿಳಿದು ಮನೆ ಸೇರುವ ಮುನ್ನ ಹೇಳಿಬಿಡಬೇಕೆಂದು ಅವಳು ದಾರಿಯುದ್ದಕ್ಕೂ ಮಾತು ಹೊಂದಿಸಿದ್ದಳು. ಅಂಗಳದಲ್ಲಿ ಪಾರ್ವತಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. “ಒಂದಲ್ಲ, ಎರಡು ತುಲಾಭಾರ ಮಾಡಾನ. ಇಬ್ರುಗೂ ಒಂದೇ ದಿವ್ಸ,” ಎಂದರು. ಮೃತ್ಯುಂಜಯ ಎಸ್ಟೇಟಿನಿಂದ ಕೆಸರುಗಾಲಲ್ಲೇ ಬಂದವನು ಕಣ್ಣೊರೆಸಿಕೊಳ್ಳುತ್ತಲೇ ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಗಂಡ ಅತ್ತದ್ದನ್ನು ಮದುವೆಯಾದ ಹನ್ನೊಂದು ವರ್ಷದಲ್ಲಿ ಹೇಮಶ್ರೀ ನೋಡಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡಳು. ಹಾಳೆಯನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಳು.

ಶುಕ್ರವಾರ ಹೇಳಲಿಲ್ಲ. ಆಶಾ ಒಬ್ಬಟ್ಟು ತಂದಿದ್ದಳು. ತಾನು ಮಾಡುವುದಕ್ಕಿಂತ ಅದು ತೆಳ್ಳಗಿತ್ತು. ಹೇಮಶ್ರೀಗೆ ಅದೂ ಕಣ್ಣಿಗೆ ಚುಚ್ಚಿತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಕ್ಕಳಿಬ್ಬರೂ ಬಂದರು. ಸ್ನೇಹಾಳ ಚೀಲ ಇವತ್ತೂ ಇಂಚರಾಳ ಹೆಗಲ ಮೇಲಿತ್ತು, ಅಭ್ಯಾಸಬಲ. ಇಬ್ಬರಿಗೂ ಓಡಲು ಹೊಸ ಅಪ್ಪಣೆ ಸಿಕ್ಕಿತ್ತಲ್ಲ, ಕಾಫಿ ಒಣಗಿಸುವ ಕಣದಲ್ಲಿ ಪಂದ್ಯ ಕಟ್ಟಿದರು. ಸ್ನೇಹಾ ಜಿಂಕೆಮರಿಯಂತೆ ಆ ತುದಿ ಮುಟ್ಟಿದಳು. ಇಂಚರಾ ಅರ್ಧಕ್ಕೇ ನಿಂತು, ಮೊಣಕಾಲಿಗೆ ಕೈಯೂರಿ, ಬಾಯಿ ತೆರೆದು ಜೋರಾಗಿ ಉಸಿರೆಳೆಯತೊಡಗಿದಳು. ಅಡಿಗೆಮನೆಯಿಂದ ಹೇಮಶ್ರೀ ಓಡಿಬರುವಷ್ಟರಲ್ಲಿ ಆಶಾ ಅವಳನ್ನು ಮಡಿಲಿಗೆ ಹಾಕಿಕೊಂಡು, ಬೆನ್ನು ಸವರುತ್ತಾ ಒಂದೊಂದೇ ಗುಟುಕು ನೀರು ಕುಡಿಸುತ್ತಿದ್ದಳು. ಮಗು ಚಿಕ್ಕಮ್ಮನ ಎದೆಗೆ ತಲೆಯಿಟ್ಟಿತ್ತು. ಎಷ್ಟು ನೆಮ್ಮದಿಯಾಗಿ ಇಟ್ಟಿತ್ತೆಂದರೆ, ಹೇಮಶ್ರೀಯ ಕಾಲು ಕಣದ ಅಂಚಿನಲ್ಲೇ ನಿಂತಿತು.

“ಅಕ್ಕಾ, ಇವಳಿಗೆ ಇನ್ನೂ ಏದುಸ್ರು ಬರ್ತೈತಲ್ಲ. ಉಗುರು ನೋಡು, ಬಿಳಚ್ಕೊಂಡೈತೆ. ಮುಚ್ಕೊಂಡಿದ್ರೆ ಹಿಂಗಾಗಬಾರ್ದು. ಆ ಚೀಟಿ ಕೊಡು, ನಾನು ಹೊಸಕೋಟೆ ನರ್ಸಮ್ಮನ ಹತ್ರ ಓದಿಸ್ತೀನಿ.”

“ನಿನ್ನ ಮಗಳದ್ದೊಂದೇನಾ ಮುಚ್ಕೊಳ್ಳೋದು?” ಹೇಮಶ್ರೀಯ ದನಿ ಅವಳಿಗೇ ಪರಕೀಯವಾಗಿತ್ತು. “ನಮ್ಮದೂ ನೆಟ್ಟಗಾಯ್ತು ಅಂದ್ರೆ ಹೊಟ್ಟೆ ಉರಿಯುತ್ತೇನೆ ನಿಂಗೆ?”

ಆಶಾ ಮಗುವಿನ ಬೆವರನ್ನು ಒರೆಸಿ, ತಲೆಗೂದಲು ಹಿಂದಕ್ಕೆ ಸರಿಸಿ, ಮೆಲ್ಲಗೆ ಇಳಿಸಿ ಎದ್ದಳು. ಅವಳು ತಿರುಗಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಅಮ್ಮ, ಚಿಕ್ಕಮ್ಮ...” ಎಂದು ಇಂಚರಾ ಶುರು ಮಾಡಿದಳು.

“ಚಿಕ್ಕಮ್ಮ, ಚಿಕ್ಕಮ್ಮ! ನಾನು ಯಾರು ನಿಂಗೆ?”

ಮಗು ಕಣದ ಬದಿಗಿಟ್ಟಿದ್ದ ಎರಡೂ ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡಿತು. ಹೇಮಶ್ರೀ ಎರಡನ್ನೂ ಕಿತ್ತು ತಾನು ಹೊತ್ತಳು. ಆಮೇಲೆ ಒಲೆಯ ಮುಂದೆ ಕೂತು ಬಹಳ ಹೊತ್ತು ಅತ್ತಳು. ಮಗಳಿಗೆ ತಲೆ ಬಾಚಿ, ಹಾಲನ್ನ ಕಲಸಿ ತಾನೇ ತಿನ್ನಿಸಿದಳು. ತಿನ್ನುವಾಗಲೂ ಮಗು ಏನನ್ನೋ ಕೇಳಬೇಕೆಂದು ಮುಖ ನೋಡುವುದು, ಕೇಳದೆ ನುಂಗುವುದು.

ಭಾನುವಾರ ಸಂಜೆ ಹೇಳಿಯೇ ತೀರುವೆನೆಂದು ಗಂಡನ ಬಳಿ ಹೋದಳು. ಅವನು ಎಸ್ಟೇಟಿನ ಸ್ಟೋರಿನಿಂದ ಹಳೆಯ ದೊಡ್ಡ ತಕ್ಕಡಿಯನ್ನು ಜೀಪಿಗೇರಿಸಿಕೊಂಡು ತಂದಿದ್ದ. ಕಾಫಿ ಮೂಟೆ ತೂಗುತ್ತಿದ್ದದ್ದು. ಊರ ಗುಡಿಯಲ್ಲಿ ತುಲಾಭಾರಕ್ಕೆ ತಕ್ಕಡಿಯಿಲ್ಲ. ಸರಪಳಿಯ ಒಂದೊಂದು ಕೊಂಡಿಯನ್ನೂ ಹುಣಸೆಹಣ್ಣು ಹಚ್ಚಿ ಉಜ್ಜುತ್ತಾ, “ಸಾಹುಕಾರ್ರು ಕೇಳಿದ್ರು, ಏನ್ರೀ ರೈಟ್ರೇ ತಕ್ಕಡಿ ಯಾಕೆ ಅಂತ. ಮಗಳನ್ನ ತೂಗ್ಬೇಕು ಅಂದೆ,” ಎಂದು ತನ್ನಷ್ಟಕ್ಕೇ ನಕ್ಕ. “ಇಬ್ರು ಮಕ್ಳು ಒಟ್ಗೆ ನೆಟ್ಟಗಾಗೋದು ಅಂದ್ರೆ ಸಣ್ಣ ಮಾತಾ ಹೇಮಾ?”

ಹೇಮಶ್ರೀ ಅವನ ಪಕ್ಕ ಕೂತು, ಇನ್ನೊಂದು ಸರಪಳಿಯನ್ನು ತಾನು ಉಜ್ಜಿದಳು. ಅಷ್ಟೆ.

ಸೋಮವಾರ ಬೆಳಿಗ್ಗೆ ಡಬ್ಬಿಯಿಂದ ಅಕ್ಕಿ ತೆಗೆಯುವಾಗ ಹಾಳೆ ಕೈಗೆ ಬಂತು. ಸಂಜೆ ಐದು. ಅದನ್ನು ಮಡಿಚಿ ರವಿಕೆಯೊಳಗೆ ಇಟ್ಟುಕೊಂಡಳು. ಪೂಜೆ ಮುಗಿಯಲಿ, ಗುಡಿಯ ಹಿಂದೆ ಹೋಗಿ ಯಾರಿಗೂ ಕೇಳದಂತೆ ಫೋನ್ ಮಾಡಿಬಿಡುತ್ತೇನೆ. ಆಮೇಲೆ ಹೇಗೋ ಹೇಳಿದರಾಯಿತು. ಹಾಗೆಂದುಕೊಂಡಳು, ಆದರೆ ಗಂಡನ ಒಪ್ಪಿಗೆಯಿಲ್ಲದೆ ಫೋನಿನಲ್ಲಿ ಏನು ಹೇಳುವುದೆಂದು ಅವಳಿಗೇ ತಿಳಿದಿರಲಿಲ್ಲ.

ವೀರಭದ್ರನ ಗುಡಿಯ ಮುಂದಿನ ತೊಲೆಗೆ ತಕ್ಕಡಿ ತೂಗುಹಾಕಿದ್ದರು. ಮೊದಲು ಸ್ನೇಹಾ. ಹೊಸ ಲಂಗ, ಮುಡಿ ತುಂಬ ಹೂ. ಅವಳು ಕೂತ ತಟ್ಟೆ ನೆಲ ಮುಟ್ಟಿತು. ಆಚೆ ತಟ್ಟೆಗೆ ಬೆಲ್ಲದ ಅಚ್ಚುಗಳನ್ನು ಒಂದೊಂದಾಗಿ ಪೇರಿಸಿದರು. ಎರಡೂ ಸಮವಾದಾಗ ಪಾರ್ವತಮ್ಮ ಕೈ ಮುಗಿದರು. ಆಶಾಳ ಕಣ್ಣು ತುಂಬಿತ್ತು. ಹೇಮಶ್ರೀ ಆ ಕಣ್ಣೀರನ್ನು ನೋಡಿದಳು. ಆಶಾಳ ಒಡವೆ, ಬಣ್ಣ, ಒಬ್ಬಟ್ಟು ಯಾವುದೂ ಈಗ ಅವಳಿಗೆ ಬೇಡವಾಗಿತ್ತು. ಆ ಕಣ್ಣೀರು ಬೇಕಿತ್ತು. ನಿಜವಾಗಿ ಮುಚ್ಚಿಕೊಂಡದ್ದಕ್ಕೆ ಬರುವ ಅಂಥ ಕಣ್ಣೀರು.

“ಈಗ ದೊಡ್ಡೋಳು ಬಾರವ್ವ.”

ಇಂಚರಾ ಕೂತಳು. ತಟ್ಟೆ ಕೆಳಗಿಳಿಯಲೇ ಇಲ್ಲ. ಸ್ನೇಹಾಳಿಗೆ ಪೇರಿಸಿದ್ದ ಬೆಲ್ಲವೇ ಭಾರವಾಗಿ, ಮಗು ಮೇಲೆಯೇ ತೂಗಾಡಿತು. ಪೂಜಾರಿ ಒಂದು ಅಚ್ಚು ತೆಗೆದರು. ಇನ್ನೊಂದು. ಮತ್ತೊಂದು.

“ಅಯ್ಯೋ ಶಿವನೇ, ಚಿಕ್ಕೋಳಿಗಿಂತ ದೊಡ್ಡೋಳೇ ಹಗುರ!” ಎಂದರು ಪಾರ್ವತಮ್ಮ. ನೆರೆದವರು ನಕ್ಕರು. “ತೂತು ಮುಚ್ತಲ್ಲ, ಇನ್ಮೇಲೆ ಮೈ ಹತ್ತುತ್ತೆ ಬುಡಿ,” ಎಂದರು ಯಾರೋ. ಹೇಮಶ್ರೀಯ ರವಿಕೆಯೊಳಗೆ ಹಾಳೆ ಬೆವರಿಗೆ ಒದ್ದೆಯಾಗಿತ್ತು.

ತಟ್ಟೆ ಗಾಳಿಗೆ ಒಂದು ಸುತ್ತು ತಿರುಗಿತು. ಮಗು ಹೆದರಿ ಸರಪಳಿ ಹಿಡಿಯಲು ಕೈ ಚಾಚಿತು. ಹತ್ತಿರವಿದ್ದ ಆಶಾ ಮುಂದೆ ಬಂದು ತಟ್ಟೆಯನ್ನು ಹಿಡಿದು ನಿಲ್ಲಿಸಿದಳು. ಶನಿವಾರದಿಂದ ಅವಳು ಹೇಮಶ್ರೀಯ ಜೊತೆ ಒಂದು ಮಾತೂ ಆಡಿರಲಿಲ್ಲ. ಈಗಲೂ ಅವಳ ಕಡೆ ನೋಡಲಿಲ್ಲ. “ನಾನಿದೀನಲ್ಲ, ಹೆದರ್ಬೇಡ ಕಂದಾ,” ಎಂದಳು ಮಗುವಿಗೆ.

ಇಂಚರಾ ಚಿಕ್ಕಮ್ಮನ ಕೈ ನೋಡಿದಳು, ಅಮ್ಮನ ಮುಖ ನೋಡಿದಳು. ನಾಲ್ಕು ದಿನದಿಂದ ನುಂಗಿಕೊಂಡಿದ್ದುದು ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿ ಹೊರಬಂತು.

“ಅಮ್ಮ, ನನ್ನ ಆಪ್ರೇಷನ್ ದಿವ್ಸ ಚಿಕ್ಕಮ್ಮನೂ ಬರ್ತಾರಾ?”